ಮೊದಲ ಬೆಂಚಿನ ಹನ್ನೊಂದು ದಿನ

ಸವದತ್ತಿ
೯ ಜೂನ್ ೨೦೨೩

ಚಿ. ಭಾಗೀರಥಿಗೆ ಆಶೀರ್ವಾದಗಳು.

ಕೊನೆಯಲ್ಲಿರುವ ಹೆಸರು ನೋಡುವ ಮೊದಲೇ ಈ ಪತ್ರ ಯಾರದೆಂದು ನಿನಗೆ ಗೊತ್ತಾಗಬಹುದು. ನನ್ನ ಅಕ್ಷರವನ್ನು ಎರಡು ತಿಂಗಳು ಕರಿಹಲಗೆಯ ಮೇಲೆ ನೋಡಿದವಳು ನೀನು.

ಮೊನ್ನೆ ಬುಧವಾರ ಬೈಲಹೊಂಗಲದಲ್ಲಿ, ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಗೆ ಬಂದಾಗ ನೀನು ಅಲ್ಲಿರುತ್ತೀ ಎಂದು ನನಗೆ ತಿಳಿದಿರಲಿಲ್ಲ. ಹೆಂಡತಿಯ ತವರಿಗೆ ಹೋದವನು ನಡುವೆ ಈ ಕೆಲಸವನ್ನೂ ಮುಗಿಸಿಕೊಳ್ಳೋಣ ಎಂದು ಹೊರಟಿದ್ದೆ. ನಮ್ಮಂಥ ತಾತ್ಕಾಲಿಕ ಉಪನ್ಯಾಸಕರು ಪ್ರತಿ ಜೂನಿನಲ್ಲಿ ಕಾಲೇಜಿಗೆ ಹೊಸದಾಗಿ ಅರ್ಜಿ ಕೊಡಬೇಕು. ಹತ್ತೊಂಬತ್ತು ವರ್ಷ ಕಲಿಸಿದ ಮೇಲೂ ಅದೇ ಅಂಕಪಟ್ಟಿಗಳ ಪ್ರತಿ ಮತ್ತೆ ಲಗತ್ತಿಸಬೇಕು. ಫೈಲು ಮುಂದಿಟ್ಟು ಎರಡೆರಡು ಪ್ರತಿ ಎಂದು ಹೇಳಿ ತಲೆ ಎತ್ತಿದೆ. ಯಂತ್ರದ ಹಿಂದೆ ನೀನು ನಿಂತಿದ್ದೆ.

"ಎರಡೂ ಬಾಜೂಕ ತಗೀಲ್ರಿ ಸರ?" ಎಂದು ಕೇಳಿದೆ. ಒಂದೊಂದೇ ಹಾಳೆಯನ್ನು ಗಾಜಿನ ಮೇಲೆ ಬೋರಲಿಟ್ಟು, ತೆಗೆದು, ಅಂಚು ಸರಿಮಾಡಿ ಪಿನ್ ಹೊಡೆದೆ. ನನ್ನ ಬಿ.ಎಸ್ಸಿ. ಕೊನೆಯ ವರ್ಷದ ಅಂಕಪಟ್ಟಿಯೂ ಅದರಲ್ಲಿತ್ತು. ಗಣಿತಕ್ಕೆ ನೂರಕ್ಕೆ ಮೂವತ್ತೆಂಟು. ನಮ್ಮ ಮನೆಯಲ್ಲಿ ಕೂಡ ಯಾರೂ ನೋಡಿರದ ಹಾಳೆ ಅದು. ನೀನು ನೋಡಿದೆಯೋ ಇಲ್ಲವೋ ಎಂದು ನಿನ್ನ ಮುಖವನ್ನೇ ನೋಡುತ್ತ ನಿಂತಿದ್ದೆ. ತಿಳಿಯಲಿಲ್ಲ. ಹೊರಗೆ ಬಂದವನಿಗೆ ಸವದತ್ತಿಯ ಎರಡು ಬಸ್ಸು ಕಣ್ಣೆದುರೇ ಹೋದರೂ ಹತ್ತಲು ಮನಸ್ಸಾಗಲಿಲ್ಲ.

ಕಳೆದ ಡಿಸೆಂಬರ್ ಒಂದರ ವಿಷಯ ಬರೆಯಬೇಕು. ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಜೋಡಿಯಾಗಿ ಓದುವ ಪದವಿಗೆ ನಮ್ಮಲ್ಲಿ ಸೇರಿದ ಏಳು ಮಂದಿಯಲ್ಲಿ ನೀನೊಬ್ಬಳು. ಗಣಿತದ ಹುದ್ದೆ ಖಾಲಿಯಿದ್ದುದರಿಂದ ಎರಡನ್ನೂ ನಾನೇ ಕಲಿಸುತ್ತಿದ್ದೆ. ಡಿವೈ ಬೈ ಡಿಎಕ್ಸ್ ಎಂಬುದನ್ನು ಮೇಲೊಂದು ಕೆಳಗೊಂದು ಬರೆದರೂ ಅದು ಭಾಗಾಕಾರವಲ್ಲ, ಇಡಿಯಾಗಿ ಒಂದೇ ಚಿಹ್ನೆ ಎಂದು ಬೆಳಿಗ್ಗೆ ಗಣಿತದ ತಾಸಿನಲ್ಲಿ ಹೇಳಿದ್ದೆ. ಮಧ್ಯಾಹ್ನ ಭೌತಶಾಸ್ತ್ರದ ತಾಸಿನಲ್ಲಿ ಅದನ್ನೇ ಎರಡು ತುಂಡು ಮಾಡಿ ಒಂದನ್ನು ಈಚೆ, ಒಂದನ್ನು ಆಚೆ ಹಾಕಿದೆ. ನೀನು ಎದ್ದು ನಿಂತು ಕೇಳಿದೆ: "ಸರ, ಮುಂಜಾನೆ ಇದು ಭಾಗಾಕಾರ ಅಲ್ಲ ಅಂದ್ರಿ. ಈಗ ಒಡದು ಆ ಕಡೆ ಹಾಕಾಕತ್ತೀರಿ. ಎರಡ್ರಾಗ ಯಾವುದು ಖರೇರಿ?"

ನಾನು ಹಾಜರಿ ಪುಸ್ತಕದಲ್ಲಿದ್ದ ಕುರಿ ಎಂಬ ನಿನ್ನ ಅಡ್ಡಹೆಸರು ಹಿಡಿದು, "ಕುರಿ ಎಣಿಸಾಕ ಇಷ್ಟೆಲ್ಲಾ ಯಾಕ ಬೇಕವಾ ನಿನಗ?" ಎಂದೆ. ತರಗತಿ ನಕ್ಕಿತು. ನೀನು ಕುಳಿತೆ. ಆ ತಿಂಗಳ ನಡುವೆ ಕಾಲೇಜು ಬಿಟ್ಟೆ.

ನಗಿಸಲು ಆಡಿದ ಮಾತು ಅದು. ಆದರೂ ತಪ್ಪು. ಕ್ಷಮೆ ಕೇಳುತ್ತೇನೆ. ಈಗ ಪ್ರವೇಶ ಶುರುವಾಗಿದೆ. ಮತ್ತೆ ಬಂದು ಮೊದಲ ಸೆಮಿಸ್ಟರಿಗೆ ಸೇರು. ಪ್ರಾಂಶುಪಾಲರೊಡನೆ ನಾನೇ ಮಾತಾಡುತ್ತೇನೆ.

ನಿನ್ನ ಗುರು,
ವಿರೂಪಾಕ್ಷ ಮ. ಸಾಲಹಳ್ಳಿ

* * *

ಚಚಡಿ
೨೭ ಜೂನ್ ೨೦೨೩

ಸರ್, ನಮಸ್ಕಾರ.

ನಿಮ್ಮ ಪತ್ರ ಅಂಗಡಿಗೆ ಬಂತು. ಅಂಗಡಿಯ ಒಡತಿ ಶೀತಲಕ್ಕ ಅದನ್ನು ಒಡೆಯದೆ ಕೊಟ್ಟಳು. ಫೋನು ಮನೆಯಲ್ಲಿ ಅಪ್ಪನ ಹತ್ತಿರ ಇರುತ್ತದೆ. ಅದಕ್ಕೆ ನಾನೂ ಕಾಗದದಲ್ಲೇ ಬರೆಯುತ್ತಿದ್ದೇನೆ.

ನಿಮ್ಮ ಅಂಕಪಟ್ಟಿ ನೋಡಿದೆ. ನೋಡಬಾರದಿತ್ತು. ಗಾಜಿನ ಮೇಲೆ ತಿರುವಿ ಇಡುವಾಗ ಕಣ್ಣಿಗೆ ಬಿತ್ತು. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ನೀವು ಬರೆದದ್ದರಲ್ಲಿ ಒಂದು ತಪ್ಪಿದೆ ಸರ್. ನಿಮ್ಮ ಆ ಮಾತಿಗೆ ನಾನು ಕಾಲೇಜು ಬಿಡಲಿಲ್ಲ. ನಮ್ಮ ಅಡ್ಡಹೆಸರಿನವರು ಆ ಮಾತನ್ನು ಒಂದನೇ ಇಯತ್ತೆಯಿಂದ ಕೇಳಿರುತ್ತೇವೆ. ಆ ದಿನ ಅಳು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮರುದಿನವೇ ಬಂದಿದ್ದೆ. ಹಿಂದಿನ ಬೆಂಚು ಬಿಟ್ಟು ಮೊದಲ ಬೆಂಚಿನಲ್ಲಿ ಕುಳಿತೆ. ಭಾನುವಾರ ಬಿಟ್ಟು ಲೆಕ್ಕ ಹಾಕಿದರೆ ಹನ್ನೊಂದು ದಿನ ಅಲ್ಲೇ ಕುಳಿತಿದ್ದೆ. ಹಾಜರಿ ಪುಸ್ತಕ ತೆಗೆದು ನೋಡಿ. ಯಾವತ್ತಾದರೂ ಒಂದು ದಿನ ನೀವು ಉತ್ತರ ಹೇಳುತ್ತೀರಿ ಎಂದು ಕಾಯುತ್ತಿದ್ದೆ.

ನಾನು ಬಿಟ್ಟದ್ದು ಅಪ್ಪ ಬಿಡಿಸಿದ್ದಕ್ಕೆ. ಡಿಸೆಂಬರ್ ಹದಿನಾಲ್ಕರಂದು ಹಾಸ್ಟೆಲ್ ಅರ್ಜಿಗೆ ಸಹಿ ಮಾಡಲು ಅವನು ಕಾಲೇಜಿಗೆ ಬಂದಿದ್ದ. ನನ್ನನ್ನು ಭೇಟಿಯಾಗದೆ ಹಾಗೇ ಹೋದ. ನಾನು ಸಂಜೆಯ ಬಸ್ಸಿಗೆ ಮನೆ ಮುಟ್ಟಿದ ಕೂಡಲೇ, "ನಾಳಿಂದ ಕಾಲೇಜ ಬ್ಯಾಡ. ಹೆಣ್ಣಹುಡುಗಿ ಬಸ್ಸಿನ್ಯಾಗ ಅಡ್ಡಾಡೂದು ನನಗ ಸೇರೂದಿಲ್ಲ" ಅಂದ. ಬಸ್ ಪಾಸು ಮಾಡಿಸಿ ಕೊಟ್ಟವನೇ ಅವನು. ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತಾರು ಬಂದಾಗ ಓಣಿಗೆಲ್ಲ ಪೇಡೆ ಹಂಚಿದವನೂ ಅವನೇ. ಎಷ್ಟು ಕೇಳಿದರೂ ಬೇರೆ ಕಾರಣ ಹೇಳಲಿಲ್ಲ. ಅವ್ವ ಮೂರು ದಿನ ಉಣ್ಣಲಿಲ್ಲ. ಅದಕ್ಕೂ ಹೇಳಲಿಲ್ಲ.

ಆ ದಿನ ಕಾಲೇಜಿನಲ್ಲಿ ಯಾರೋ ಅವನಿಗೆ ನನ್ನ ಬಗ್ಗೆ ಏನೋ ಹೇಳಿರಬೇಕು. ಯಾವುದೋ ಹುಡುಗನ ಜೊತೆ ನೋಡಿದೆವು ಅಂತಲೋ ಏನೋ. ಅವನು ಯಾರನ್ನು ಭೇಟಿಯಾಗಿದ್ದ ಎಂಬುದು ನಿಮಗೆ ಗೊತ್ತಿದ್ದರೆ, ದಯವಿಟ್ಟು ಅಷ್ಟನ್ನು ಬರೆಯಿರಿ. ಬೇರೆ ಏನೂ ಬೇಡ.

ಇಂತಿ,
ಭಾಗೀರಥಿ ಅ. ಕುರಿ

* * *

ಸವದತ್ತಿ
೧೨ ಆಗಸ್ಟ್ ೨೦೨೩

ಭಾಗೀರಥಿ,

ಈ ಸಲ ಆಶೀರ್ವಾದ ಎಂದು ಬರೆಯಲು ಕೈ ಬರಲಿಲ್ಲ.

ನಿನ್ನ ಪತ್ರ ಬಂದು ಒಂದೂವರೆ ತಿಂಗಳಾಯಿತು. ಮೂರು ಉತ್ತರ ಬರೆದು ಹರಿದೆ. ಒಂದರಲ್ಲಿ, ನಿನ್ನ ತಂದೆಯವರು ಯಾರನ್ನು ಭೇಟಿಯಾದರೋ ನನಗೆ ತಿಳಿಯದು ಎಂದು ಬರೆದಿದ್ದೆ. ಅದನ್ನು ಲಕೋಟೆಗೆ ಹಾಕಿ, ಅಂಟಿಸಿ, ಅಂಚೆ ಪೆಟ್ಟಿಗೆಯವರೆಗೂ ಒಯ್ದಿದ್ದೆ.

ಅವರು ಭೇಟಿಯಾದದ್ದು ನನ್ನನ್ನು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬೈಕು ನಿಲ್ಲಿಸುವ ಕಡೆ, ಬೇವಿನ ಗಿಡದ ಕೆಳಗೆ ನಿಂತಿದ್ದರು. ತಲೆಗೆ ಪಟಗಾ ಸುತ್ತಿದ್ದರು, ಬಗಲಲ್ಲಿ ರೊಟ್ಟಿ ಗಂಟು. ನಿನಗೆಂದು ತಂದದ್ದಿರಬೇಕು. ನನ್ನನ್ನು ನೋಡಿ ಕೈಮುಗಿದು, ಭಾಗೀರಥಿಯ ಅಪ್ಪ ನಾನು, ಹುಡುಗಿ ಹೇಗೆ ಓದುತ್ತಿದ್ದಾಳೆ ಎಂದು ಕೇಳಿದರು. ಹಾಸ್ಟೆಲಿಗೆ ಹಾಕಿದರೆ ಇನ್ನೂ ಚೆನ್ನಾಗಿ ಓದುತ್ತಾಳೆಂದು ಮನೆಯಲ್ಲಿ ಅನ್ನುತ್ತಾಳೆ, ನೀವೇನು ಅನ್ನುತ್ತೀರಿ ಎಂದರು.

ನಾನು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಯಜಮಾನ್ರ, ಈ ಎರಡೂ ವಿಷಯ ಕೂಡಿ ಓದೂದು ಆಕಿ ತಲಿಗೆ ಹತ್ತೂದಿಲ್ರಿ. ಸುಮ್ಮನ ಮೂರು ವರ್ಷ ಹಾಳ ಮಾಡಬ್ಯಾಡ್ರಿ. ಬಿಡಿಸಿ ಮನ್ಯಾಗ ಇಟಗೋರಿ."

ಅವರು ರೊಟ್ಟಿ ಗಂಟನ್ನು ಇನ್ನೊಂದು ಬಗಲಿಗೆ ಬದಲಿಸಿದರು. "ಖರೇನ್ರಿ?" ಎಂದರು. ನಾನು ಹೌದು ಅಂದೆ. ಮೊದಲೇ ಹೇಳಿ ಉಪಕಾರ ಮಾಡಿದಿರಿ ಎಂದು ಮತ್ತೊಮ್ಮೆ ಕೈಮುಗಿದು ಹೋದರು. ರೊಟ್ಟಿ ಗಂಟು ಅವರ ಬಗಲಲ್ಲೇ ಇತ್ತು.

ಯಾಕೆ ಹೇಳಿದೆ ಎಂದು ನೀನು ಕೇಳಬಹುದು. ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ರಾಮದುರ್ಗದಲ್ಲಿ ನಾನು ಪದವಿ ಓದುವಾಗ ಎಲ್ಲವನ್ನೂ ಬಾಯಿಪಾಠ ಮಾಡಿ ಬರೆದವನು. ಆಮೇಲೆ ಕಲಿಸಿದ್ದೂ ಹಾಗೆಯೇ. ಅದೇ ಹಳೆಯ ಟಿಪ್ಪಣಿ, ಪ್ರತಿ ವರ್ಷ ಅದೇ ಉದಾಹರಣೆ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಎದ್ದು ನಿಂತು ಕೇಳಿರಲಿಲ್ಲ. ನೀನು ಕೇಳಿದೆ, ಕೇಳಿ ಸುಮ್ಮನೆ ಮನೆಗೆ ಹೋಗದೆ ಮೊದಲ ಬೆಂಚಿಗೆ ಬಂದು ಕುಳಿತೆ. ಏನೂ ಅನ್ನುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದೆ ಅಷ್ಟೆ. ಆ ಹನ್ನೊಂದು ದಿನ ತರಗತಿಗೆ ಹೋಗುವ ಮೊದಲು, ನೀನು ಮತ್ತೆ ಕೇಳಿದರೆ ಎಂದು ಟಿಪ್ಪಣಿಯನ್ನು ಮೂರು ಮೂರು ಸಲ ತಿರುವಿಹಾಕುತ್ತಿದ್ದೆ. ನಿನ್ನ ತಂದೆ ಎದುರಿಗೆ ಬಂದು ನಿಂತಾಗ, ಇವಳು ನಾಳೆಯಿಂದ ಇರುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಯಾವ ಹುಡುಗನ ಮಾತೂ ಅಲ್ಲಿ ಬಂದಿಲ್ಲ. ನಿನ್ನ ನಡತೆಯ ಬಗ್ಗೆ ಯಾರೂ ಒಂದು ಅಕ್ಷರ ಆಡಿಲ್ಲ.

ಪ್ರವೇಶಕ್ಕೆ ಈ ತಿಂಗಳ ಕೊನೆಯವರೆಗೆ ಸಮಯವಿದೆ. ದಯವಿಟ್ಟು ನಮ್ಮ ಕಾಲೇಜಿಗೇ ಬಾ. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಲು ಒಂದು ಅವಕಾಶ ಕೊಡು.

ವಿರೂಪಾಕ್ಷ

* * *

ಚಚಡಿ
೧೯ ಆಗಸ್ಟ್ ೨೦೨೩

ಸರ್,

ಪತ್ರ ಮುಟ್ಟಿತು. ಅಂಗಡಿಯ ಹಿಂದೆ ಹೋಗಿ ಓದಿದೆ. ಶೀತಲಕ್ಕ ಬಂದು ಯಾರಾದರೂ ತೀರಿಕೊಂಡರಾ ಎಂದು ಕೇಳಿದಳು. ಇಲ್ಲ ಅಂದೆ.

ನಿಮ್ಮ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ತಡವಾಗಿ ಬಂತು. ಮೊದಲು ಬಂದದ್ದು ಬೇರೆ. ಎಂಟು ತಿಂಗಳಿಂದ ನಾನು ಅಪ್ಪನ ಜೊತೆ ನೆಟ್ಟಗೆ ಮಾತಾಡಿಲ್ಲ. ಅವನು ಹೊಲದಿಂದ ಬಂದರೆ ಎದ್ದು ಒಳಗೆ ಹೋಗುತ್ತೇನೆ. ತಾಟು ಮುಂದಿಡುವಾಗ ಅವನ ಮುಖ ನೋಡುವುದಿಲ್ಲ. ಒಮ್ಮೆ ನೆಂಟರೆದುರಿಗೆ, ಇವನಿಗೆ ಕುರಿಯ ಮೇಲಿರುವಷ್ಟು ಜೀವ ಮಗಳ ಮೇಲಿಲ್ಲ ಅಂದುಬಿಟ್ಟಿದ್ದೆ. ಅವನು ಎದ್ದು ಹೊರಗೆ ಹೋದ. ಹಳೆಯ ಕಾಲದವನು, ಹೆಣ್ಣು ಓದುವುದು ಬೇಡದವನು ಅಂತ ಊರೆಲ್ಲ ಅವನನ್ನು ಅಂದಿತು. ಅದನ್ನೂ ಕೇಳಿಸಿಕೊಂಡ. ನಿನ್ನ ಮಾಸ್ತರರೇ ನಿನಗೆ ಬುದ್ಧಿ ಸಾಲದು ಎಂದರು ಎಂಬ ಒಂದು ಮಾತು ಮಾತ್ರ ನನಗೆ ಹೇಳಲಿಲ್ಲ. ನಾನು ಅದನ್ನು ಕೇಳಬಾರದು ಎಂದು ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡ.

ನಿನ್ನೆ ಅವನು ಉಣ್ಣುವಾಗ ಎದುರಿಗೆ ಕುಳಿತೆ. ಏನವಾ ಎಂದ. ಏನಿಲ್ಲ ಎಂದೆ. ನಿಮ್ಮ ಪತ್ರವನ್ನು ನಾನು ಅವನಿಗೆ ಓದಿ ಹೇಳಲಾರೆ. ಅವನು ಕೈಮುಗಿದದ್ದನ್ನು ನನ್ನ ಬಾಯಿಂದ ಹೇಗೆ ಓದಲಿ? ನೀವೇ ಬಂದು ಹೇಳಿ.

ಕಾಲೇಜಿನ ವಿಷಯ. ಓದಬೇಕು ಎಂಬ ಆಸೆ ಹೋಗಿಲ್ಲ. ಶೀತಲಕ್ಕ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿ ಹೇಳಿದಂತೆ, ಬೈಲಹೊಂಗಲದಲ್ಲಿ ಈ ವರ್ಷ ನನಗೆ ಬೇಕಾದ ಜೋಡಿ ಇಲ್ಲ. ರಾಮದುರ್ಗದಲ್ಲಿ ಇದೆ, ಸೋದರತ್ತೆಯ ಮನೆಯಿಂದ ಹೋಗಬಹುದು. ಧಾರವಾಡದಲ್ಲಿ ಒಂದು ಕಡೆ ಇದೆ, ಅಲ್ಲಿ ಹಾಸ್ಟೆಲಿನಲ್ಲಿ ಇರಬೇಕು. ಬಸ್ಸಿಗೆ ಹತ್ತಿರವಾದದ್ದು ನಿಮ್ಮ ಕಾಲೇಜು. ಅವ್ವ ಅಲ್ಲಿಗಾದರೆ ಒಪ್ಪುತ್ತಾಳೆ.

ನಿಮ್ಮನ್ನು ಒಂದೇ ಮಾತು ಕೇಳುತ್ತೇನೆ. ನಾನು ನಿಮ್ಮ ಕಾಲೇಜಿಗೆ ಬಂದರೆ ಈ ವರ್ಷ ಗಣಿತ ಯಾರು ಕಲಿಸುತ್ತಾರೆ, ಭೌತಶಾಸ್ತ್ರ ಯಾರು ಕಲಿಸುತ್ತಾರೆ?

ಭಾಗೀರಥಿ

* * *

ಸವದತ್ತಿ
೨೪ ಆಗಸ್ಟ್ ೨೦೨೩

ಭಾಗೀರಥಿ,

ಎರಡನ್ನೂ ನಾನೇ ಕಲಿಸುತ್ತೇನೆ. ಅದಕ್ಕೇ ನೀನು ಇಲ್ಲಿಗೆ ಬರಬೇಡ.

ಇನ್ನೂ ಒಂದು ವಿಷಯ ಬಚ್ಚಿಟ್ಟಿದ್ದೇನೆ, ಅದನ್ನೂ ಹೇಳಿ ಮುಗಿಸುತ್ತೇನೆ. ಈ ವರ್ಷ ಜೋಡಿ ಪದವಿಗೆ ಆರು ಮಂದಿಯಾದರೂ ಸೇರದಿದ್ದರೆ ಅದನ್ನು ಮುಚ್ಚುತ್ತೇವೆ ಎಂದು ಏಪ್ರಿಲ್‌ನಲ್ಲೇ ಪ್ರಾಂಶುಪಾಲರು ಹೇಳಿದ್ದರು. ಮುಚ್ಚಿದರೆ ನನಗೆ ಕೆಲಸವಿಲ್ಲ. ಜೂನಿನಲ್ಲಿ ನಿನಗೆ ಮೊದಲ ಪತ್ರ ಬರೆದಾಗ ನಾಚಿಕೆಯಾಗಿದ್ದು ನಿಜ. ಮತ್ತೆ ಬಂದು ಸೇರು ಎಂದು ಬರೆದಾಗ ಒಂದು ತಲೆ ಹೆಚ್ಚಾಗುತ್ತದೆ ಎಂದು ಎಣಿಸಿದ್ದೂ ನಿಜ. ಇವತ್ತಿಗೆ ಐದು ಮಂದಿ ಇದ್ದಾರೆ. ನೀನು ಬಂದರೆ ಆರು. ಕ್ಷಮೆ ಕೇಳುವ ಪತ್ರದಲ್ಲೂ ನಾನು ನನ್ನದನ್ನು ನೋಡಿಕೊಂಡಿದ್ದೆ.

ನಿನ್ನ ಪ್ರಶ್ನೆ ಓದಿದ ಮೇಲೆ ಇಲ್ಲಿ ಕುಳಿತು ಉಪದೇಶ ಮಾಡುವುದು ಸರಿಯಲ್ಲ ಎನ್ನಿಸಿತು. ಮಂಗಳವಾರ ರಾಮದುರ್ಗಕ್ಕೆ, ನಿನ್ನೆ ಧಾರವಾಡಕ್ಕೆ ಹೋಗಿ ಬಂದೆ. ರಾಮದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರದವರು ಒಳ್ಳೆಯವರು, ಆದರೆ ಗಣಿತದ ಹುದ್ದೆ ಅಲ್ಲಿಯೂ ಖಾಲಿ. ಧಾರವಾಡದಲ್ಲಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ನೋಡಿದೆ. ಲೋಲಕದ ದಾರ ಹೊಸದಿತ್ತು, ಉಪಕರಣಗಳ ಮೇಲೆ ಧೂಳಿರಲಿಲ್ಲ. ದಿನಾ ಬಳಸುತ್ತಾರೆಂದು ಅರ್ಥ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಎರಡನೇ ವರ್ಷದ ಹುಡುಗಿಯರನ್ನು ಮಾತಾಡಿಸಿದೆ. ಎರಡು ವಿಷಯಕ್ಕೂ ಬೇರೆ ಬೇರೆ ಅಧ್ಯಾಪಕರು, ಒಬ್ಬರ ತಾಸಿನಲ್ಲಿ ಬಿಟ್ಟುಹೋದದ್ದನ್ನು ಇನ್ನೊಬ್ಬರ ಹತ್ತಿರ ಕೇಳಬಹುದು ಅಂದರು.

ಆಮೇಲೆ ಮೊಗಸಾಲೆಯಲ್ಲಿ ನಿಂತು ಗಣಿತದ ತಾಸು ಕೇಳಿದೆ. ಕಲಿಸುತ್ತಿದ್ದವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಒಬ್ಬ ವಿದ್ಯಾರ್ಥಿ ಏನನ್ನೋ ಕೇಳಿದ. ಅವರು ಹಲಗೆಯನ್ನು ನೋಡಿ, ಸ್ವಲ್ಪ ಯೋಚಿಸಿ, "ಇದು ನನಗ ಈಗ ಹೊಳೀವಲ್ತು. ನಾಳೆ ನೋಡಿಕೊಂಡು ಬಂದು ಹೇಳ್ತೀನಿ" ಎಂದರು. ಯಾರೂ ನಗಲಿಲ್ಲ. ಪಾಠ ಮುಂದುವರಿಯಿತು. ಇಷ್ಟು ಸಣ್ಣ ಮಾತು ಅದು. ಅದನ್ನು ಹೇಳಲಾಗದೆ ನಾನು ನಿನ್ನ ಒಂದು ವರ್ಷ ತಿಂದೆ. ಅಲ್ಲಿ ನಿಲ್ಲಲಾಗದೆ ಇಳಿದು ಬಂದೆ.

ಧಾರವಾಡಕ್ಕೆ ಹೋಗು. ಸೆಪ್ಟೆಂಬರ್ ಎಂಟರವರೆಗೆ ಪ್ರವೇಶವಿದೆ. ಅರ್ಜಿಯ ನಮೂನೆಯನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ತಂದೆಯವರನ್ನು ಕಾಣಲು ಈ ವಾರದಲ್ಲೇ ಬರುತ್ತೇನೆ.

ವಿರೂಪಾಕ್ಷ

* * *

ಸವದತ್ತಿ
೩೦ ಆಗಸ್ಟ್ ೨೦೨೩

ಭಾಗೀರಥಿ,

ನಿನ್ನೆ ನಿಮ್ಮ ಮನೆಗೆ ಹೋಗಿದ್ದೆ. ನೀನು ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡೇ ಹೋದೆ. ನಿನ್ನೆದುರಿಗೆ ಹೇಳುವ ಧೈರ್ಯ ಆಗಲಿಲ್ಲ. ಅಲ್ಲಿ ಆದದ್ದನ್ನು ಅವರು ನಿನಗೆ ಪೂರ್ತಿ ಹೇಳಲಿಕ್ಕಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಊರಿನ ಹಳೆಯ ವಾಡೆಯ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಮನೆ ಮುಟ್ಟಿದಾಗ ನಿನ್ನ ತಂದೆ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದರು. ನೋಡಿದ ಕೂಡಲೇ ಗುರುತು ಹಿಡಿದರು. ಎದ್ದು ಒಳಗಿನಿಂದ ಕಂಬಳಿ ತಂದು ಹಾಸಿ, "ಬರ್ರಿ ಸರ, ಕುಂದರ್ರಿ" ಎಂದರು. ನಿನ್ನ ತಾಯಿ ನೀರು ಬೆಲ್ಲ ತಂದಿಟ್ಟರು. ಆ ಕಂಬಳಿಯ ಮೇಲೆ ಕೂರಲು ನನ್ನಿಂದಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಆ ದಿನ ನಾನು ಹೇಳಿದ್ದು ಸುಳ್ಳು, ನಿಮ್ಮ ಮಗಳು ನಾನು ಕಲಿಸಿದವರಲ್ಲೆಲ್ಲ ಚುರುಕಾದವಳು, ಅವಳಿಗೆ ಉತ್ತರ ಹೇಳಲಾಗದೆ ಹಾಗೆ ಹೇಳಿ ಕಳಿಸಿದೆ ಎಂದೆ. ಬಾಗಿಲಲ್ಲಿ ನಿಂತಿದ್ದ ನಿನ್ನ ತಾಯಿ ಒಳಗೆ ಹೋಗಿ ಕದ ಎಳೆದುಕೊಂಡರು.

ನಿನ್ನ ತಂದೆ ಹಗ್ಗದ ಎಳೆ ಬಿಡದೆ ಹಿಡಿದುಕೊಂಡು ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಹೇಳಿದ್ದು ಇದು:

"ನಿಮ್ಮ ಮ್ಯಾಲ ಸಿಟ್ಟ ಐತ್ರಿ ಸರ, ಇಲ್ಲ ಅನ್ನೂದಿಲ್ಲ. ಆದ್ರ ನನಗ ನನ್ನ ಮ್ಯಾಲ ನಾಚಿಕಿ ಆಗಾಕತ್ತೇತಿ. ನೀವು ಆಕಿನ್ನ ಎರಡ ತಿಂಗಳ ನೋಡಿದ್ರಿ. ನಾ ಹುಟ್ಟಿದಾಗಿಂದ ನೋಡೇನಿ. ಓದಿದವರು ಹೇಳಿದ್ರು ಅಂತ ನಿಮ್ಮ ಮಾತ ನಂಬಿದೆ. ಮನೀಗೆ ಬಂದು ಆಕಿನ್ನ ಒಂದ ಮಾತ ಕೇಳಲಿಲ್ಲ."

ನನ್ನ ಸುಳ್ಳಿನ ಭಾರವನ್ನು ಅವರೂ ಹೊತ್ತಿದ್ದಾರೆ, ನಿನ್ನ ಹಿಂದಿನ ಪತ್ರ ನೋಡಿದರೆ ನೀನೂ ಹೊತ್ತಿದ್ದೀ. ಇಬ್ಬರದೂ ತಪ್ಪಿಲ್ಲ. ಇದನ್ನು ನೀವಿಬ್ಬರೂ ಎದುರುಬದುರು ಕುಳಿತು ಮಾತಾಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಹೇಳುತ್ತಿದ್ದೇನೆ.

ಧಾರವಾಡದ ಮಾತು ತೆಗೆದಾಗ ಅವರು ಒಂದೇ ಒಂದನ್ನು ವಿಚಾರಿಸಿದರು. ಅಲ್ಲಿ ಆಕೆ ಕೇಳಿದ್ದಕ್ಕೆ ಹೇಳುವವರು ಇದ್ದಾರೇನು ಎಂದು. ಇದ್ದಾರೆ, ನಾನು ಕಣ್ಣಾರೆ ನೋಡಿ ಬಂದಿದ್ದೇನೆ ಎಂದೆ. ಆಗಲಿ ಎಂದರು. ಬಸ್ ನಿಲ್ಲುವ ಕಡೆಯವರೆಗೆ ನನ್ನ ಜೊತೆ ನಡೆದು ಬಂದರು.

ವಿರೂಪಾಕ್ಷ

* * *

ಚಚಡಿ
೬ ಸೆಪ್ಟೆಂಬರ್ ೨೦೨೩

ಸರ್,

ಇವತ್ತು ಧಾರವಾಡದಲ್ಲಿ ಪ್ರವೇಶ ಆಯಿತು. ಸೋಮವಾರದಿಂದ ಹಾಸ್ಟೆಲಿಗೆ ಹೋಗುತ್ತೇನೆ. ನಿಮಗೆ ತಿಳಿಸಬೇಕೆನ್ನಿಸಿತು, ತಿಳಿಸಿದ್ದೇನೆ.

ಭಾಗೀರಥಿ

* * *

ಕಿತ್ತೂರು
೨೬ ನವೆಂಬರ್ ೨೦೨೩

ಭಾಗೀರಥಿಗೆ,

ಮೇಲಿನ ವಿಳಾಸ ನೋಡಿ ಆಶ್ಚರ್ಯವಾಗಬಹುದು. ಐದು ಮಂದಿಯ ಮೇಲೆ ಆರನೆಯವರು ಬರಲಿಲ್ಲ. ಜೋಡಿ ಪದವಿ ಮುಚ್ಚಿತು. ಆ ಐದು ಮಂದಿಯೂ ಬೇರೆ ಬೇರೆ ಕಡೆ ಸೇರಿಕೊಂಡರು. ಅವರಿಗೆ ಅದರಿಂದ ಕೆಟ್ಟದ್ದೇನೂ ಆಗಿಲ್ಲ. ಅಕ್ಟೋಬರಿನಿಂದ ನಾನು ಇಲ್ಲಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಎಂಟನೆಯ ಮತ್ತು ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೇನೆ. ಇದನ್ನು ಓದಿ ನೀನು ಮರುಗಬೇಕಿಲ್ಲ. ಬೇರೆಯವರ ಬಾಯಿಂದ ಕೇಳಿ ನಿನ್ನಿಂದ ಹೀಗಾಯಿತು ಎಂದುಕೊಳ್ಳಬಾರದಲ್ಲ, ಅದಕ್ಕೇ ಬರೆದೆ.

ಕೆಲಸ ಹೋದದ್ದು ಯಾಕೆ ಎಂದು ಹೆಂಡತಿ ಶೈಲಜಾ ಕೇಳಿದಾಗ ನಿನ್ನ ವಿಷಯವನ್ನೆಲ್ಲ ಹೇಳಿದೆ. ಹಳೆಯ ಅಂಕಪಟ್ಟಿಯನ್ನೂ ತೆಗೆದು ತೋರಿಸಿದೆ. ಅಂಕಪಟ್ಟಿಯನ್ನು ಅವಳು ಸರಿಯಾಗಿ ನೋಡಲೂ ಇಲ್ಲ. ಆ ಹುಡುಗಿ ಈಗ ಎಲ್ಲಿದ್ದಾಳೆ ಎಂದು ಕೇಳಿದಳು. ಧಾರವಾಡದಲ್ಲಿ ಓದುತ್ತಿದ್ದಾಳೆ ಎಂದೆ. ಆಮೇಲೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಹಾಗೆ ಸುಮ್ಮನಾದದ್ದು ಅದೇ ಮೊದಲು.

ನೀನು ಹೇಗಿದ್ದೀ? ಪಾಠ ಹೇಗೆ ನಡೆದಿದೆ? ನನ್ನ ಮೇಲೆ ಸಿಟ್ಟು ಉಳಿದಿದೆಯೋ, ಕ್ಷಮಿಸಿದೆಯೋ, ಒಂದು ಸಾಲು ಬರೆದರೆ ಸಾಕು. ಬರೆಯಲೇಬೇಕೆಂಬ ಒತ್ತಾಯವಿಲ್ಲ.

ವಿರೂಪಾಕ್ಷ

* * *

ಧಾರವಾಡ
೧೪ ಜನವರಿ ೨೦೨೪

ಸರ್, ನಮಸ್ಕಾರ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ನೀವು ಒಂದು ಸಾಲು ಸಾಕು ಎಂದಿದ್ದಿರಿ. ಆ ಒಂದು ಸಾಲೇ ಬರೆಯಲು ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಅಪ್ಪ ಹಾಸ್ಟೆಲಿನವರೆಗೆ ಬಂದು ಬಿಟ್ಟು ಹೋದ. ಮನೆಯಲ್ಲಿ ಆಡಲಾಗದ ಮಾತನ್ನು ನಾವಿಬ್ಬರೂ ಬಸ್ಸಿನಲ್ಲಿ ಆಡಿದೆವು, ಅದೂ ಬೈಲಹೊಂಗಲ ದಾಟಿದ ಮೇಲೆ. ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ: "ಮಾಸ್ತರ ಹಂಗ ಅಂದಾರ ಅಂತ ಅವತ್ತ ನಿನಗ ಹೇಳಿದ್ರ, ಏನ ಅಂತಿದ್ದಿ?" ನಾನು, ಸುಳ್ಳು ಅಂತಿದ್ದೆ ಎಂದೆ. ಅವನು ಪಟಗದ ಸೆರಗಿನಿಂದ ಮುಖ ಒರೆಸಿಕೊಂಡ. ನೆಂಟರೆದುರಿಗೆ ಆಡಿದ ಮಾತಿಗೆ ನಾನೂ ತಪ್ಪಾಯಿತು ಅಂದೆ. ಅದು ತನಗೆ ನೆನಪೇ ಇಲ್ಲ ಎಂದ. ನೆನಪಿದೆ ಎಂದು ನನಗೆ ಗೊತ್ತು.

ಇಲ್ಲಿ ಪಾಠ ಚೆನ್ನಾಗಿದೆ. ಕೇಳಿದರೆ ಹೇಳುತ್ತಾರೆ, ನೀವು ನೋಡಿ ಬಂದದ್ದು ನಿಜ. ಆದರೆ ನಾನು ಮೊದಲಿನ ಹಾಗೆ ಇಲ್ಲ ಸರ್. ಮೊದಲ ಎರಡು ತಿಂಗಳು ಬಾಯಿ ಬಿಡಲಿಲ್ಲ. ಪ್ರಶ್ನೆಯನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು, ಅದರ ಮೇಲೇ ಗೀಟು ಹಾಕಿ ಅಳಿಸುತ್ತಿದ್ದೆ. ನನಗಿಂತ ಒಂದು ವರ್ಷ ಚಿಕ್ಕವರ ಜೊತೆ ಕುಳಿತಿದ್ದೇನೆ ಎಂದು ಯಾರಿಗೂ ಹೇಳಿಲ್ಲ. ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ಮೂವತ್ತಕ್ಕೆ ಒಂಬತ್ತು ಬಂತು. ಆ ಹಾಳೆ ಕೈಗೆ ಬಂದಾಗ ಮೊದಲು ಕೇಳಿಸಿದ್ದು ನಿಮ್ಮ ದನಿ. ಆಕಿ ತಲಿಗೆ ಹತ್ತೂದಿಲ್ಲ. ಅದನ್ನು ನೀವು ನನ್ನ ಎದುರಿಗೆ ಎಂದೂ ಹೇಳಿಲ್ಲ, ಕಾಗದದಲ್ಲಿ ಓದಿದ್ದು ಅಷ್ಟೆ. ಆದರೂ ದನಿ ಸಮೇತ ಕೇಳುತ್ತದೆ. ಅದು ಸುಳ್ಳು ಎಂದು ನಿಮ್ಮ ಕೈಯಲ್ಲೇ ಬರೆದ ಪತ್ರ ನನ್ನ ಟ್ರಂಕಿನಲ್ಲಿದೆ, ತೆಗೆದು ಓದುತ್ತೇನೆ. ಓದುವಾಗ ಸರಿ ಅನ್ನಿಸುತ್ತದೆ. ಮುಚ್ಚಿಟ್ಟ ಮೇಲೆ ಮತ್ತೆ ಅದೇ.

ಎರಡನೆಯ ಪರೀಕ್ಷೆಯಲ್ಲಿ ಹದಿನೆಂಟು ಬಂದಿದೆ. ಗಣಿತದಲ್ಲಿ ಮಾತ್ರ ಮೊದಲಿನಿಂದಲೂ ಯಾವ ಅಡ್ಡಿಯೂ ಇಲ್ಲ.

ನಿಮ್ಮ ಕೆಲಸ ಹೋದದ್ದು ಓದಿ ಸಂತೋಷ ಆಯಿತು. ಒಂದು ದಿನವಿಡೀ ಸಂತೋಷವಾಗಿಯೇ ಇದ್ದೆ. ಮರುದಿನ ಬೆಳಿಗ್ಗೆ ಎದ್ದಾಗ ಅದಕ್ಕೆ ನನಗೇ ನಾಚಿಕೆಯಾಯಿತು. ಎರಡನ್ನೂ ನಿಮಗೆ ಹೇಳಬೇಕು ಎನ್ನಿಸಿತು. ನೀವೂ ನಿಮ್ಮದೆಲ್ಲವನ್ನೂ ಬರೆದಿದ್ದಿರಿ.

ಕ್ಷಮಿಸಿದೆಯೋ ಎಂದು ಕೇಳಿದ್ದೀರಿ. ಅಪ್ಪ ಕ್ಷಮಿಸಿದ್ದಾನೆ. ಮೊನ್ನೆ ಫೋನಿನಲ್ಲಿ, ಮಾಸ್ತರರು ಕಿತ್ತೂರಿನಲ್ಲಿ ಹೇಗಿದ್ದಾರೆ ಎಂದು ವಿಚಾರಿಸಿದ. ಅವ್ವ ಕ್ಷಮಿಸಿಲ್ಲ, ಕ್ಷಮಿಸುವ ಹಾಗೂ ಕಾಣುವುದಿಲ್ಲ. ನನಗೆ ಕ್ಷಮಿಸುವ ಮನಸ್ಸು ಇನ್ನೂ ಬಂದಿಲ್ಲ ಸರ್. ಬಾರದ್ದನ್ನು ಬಂದಿದೆ ಎಂದು ಬರೆದರೆ ಓದಿದಷ್ಟು ಹೊತ್ತು ನಿಮಗೆ ಹಗುರಾಗಬಹುದು. ಆದರೆ ನಾನು ಸುಳ್ಳು ಬರೆದಂತಾಗುತ್ತದೆ. ಅದು ಬೇಡ.

ಬಂದರೆ, ಬಂದ ದಿನ ಬರೆಯುತ್ತೇನೆ. ಅಲ್ಲಿಯವರೆಗೆ ನೀವು ಬರೆಯಬೇಡಿ.

ಭಾಗೀರಥಿ